ತಮ್ಮನ ಕಲ್ಲು ದೊಡ್ಡದು

ನನ್ನ ತಮ್ಮನ ಮೇಲೆ ನನಗೆ ಹೊಟ್ಟೆಕಿಚ್ಚು. ಯಾಕೆ ಗೊತ್ತೆ? ಅವನ ಕಿಡ್ನಿಯ ಕಲ್ಲು ನನ್ನದಕ್ಕಿಂತ ದೊಡ್ಡದು.

ನಗಬೇಡಿ. ನ್ಯಾಮತಿಯಲ್ಲಿ ನನಗೂ ಚನ್ನಗಿರಿಯಲ್ಲಿ ಅವನಿಗೂ ಒಂದೇ ತಿಂಗಳಲ್ಲಿ ಕಲ್ಲು ಕಾಣಿಸಿಕೊಂಡಿತು. ಸ್ಕ್ಯಾನಿಂಗ್‌ನಲ್ಲಿ ನನ್ನದು ನಾಲ್ಕು ಎಂಎಂ, ಅವನದು ಹನ್ನೊಂದು. (ಆಸ್ತಿ ಭಾಗವಾದಾಗಲೂ ಹೆಚ್ಚುಕಡಿಮೆ ಇದೇ ಲೆಕ್ಕ.)

ಚಿಕ್ಕದು, ತಾನಾಗಿಯೇ ಹೋಗುತ್ತದೆ ಎಂದರು ನನ್ನ ಡಾಕ್ಟರು. ಚೆನ್ನಾಗಿ ನೀರು ಕುಡಿಯಬೇಕು, ನೋವಿಗೆ ಮಾತ್ರೆ, ಜ್ವರ ಬಂದರೆ ಮಾತ್ರ ಓಡಿ ಬರಬೇಕು. ಮೂತ್ರ ಸೋಸಿ ನೋಡಬೇಕಂತೆ. ಟೀ ಸೋಸುವ ಜರಡಿಯೊಂದನ್ನು ಕೊಂಡು ತಂದೆ. (ಬೇರೆಯೇ ಇಟ್ಟಿದ್ದೇನೆ, ಧಾರಾಳವಾಗಿ ಟೀಗೆ ಬನ್ನಿ.)

ತಮ್ಮನಿಗೋ ದಾವಣಗೆರೆಯಲ್ಲಿ ಆಪ್ಷನ್ ಮೇಲೆ ಆಪ್ಷನ್. ಹೊರಗಿನಿಂದಲೇ ಅಲೆ ಬಿಟ್ಟು ಪುಡಿ ಮಾಡುವುದೋ, ಮೂತ್ರನಾಳದೊಳಗೆ ಸಣ್ಣ ಪೈಪು ಕಳಿಸಿ ಲೇಸರ್ ಹಾಕುವುದೋ, ಬೆನ್ನಲ್ಲಿ ತೂತು ಮಾಡಿ ತೆಗೆಯುವುದೋ? ಕೊನೆಗೆ ಲೇಸರ್ ಆಯಿತು. ಮೂತ್ರ ಸರಾಗ ಇಳಿಯಲೆಂದು ಒಳಗೊಂದು ಸ್ಟೆಂಟ್ ನಳಿಕೆ ಇಟ್ಟರು. ನೆಂಟರೆಲ್ಲ ಬ್ರೆಡ್ಡು, ಮೂಸಂಬಿ ಹಿಡಿದು ನೋಡಿ ಬಂದರು.

ಮೂಸಂಬಿ ಹಾಳಾಗಲಿ. ಅವನ ಮಂಚದ ಪಕ್ಕ ಅವ್ವ ಇದ್ದಳು. ಅದೇ ನನ್ನ ಉರಿ. ಬಿಳಿಚೋಡಿನಿಂದ ಬಸ್ಸು ಬದಲಿಸಿಕೊಂಡು ಬಂದವಳು, ಡಿಸ್ಚಾರ್ಜ್ ಆದ ಮೇಲೂ ಅವನ ಜೊತೆ ಚನ್ನಗಿರಿಗೇ ಹೋಗಿ ಗಂಜಿ ಕಾಯಿಸುತ್ತಿದ್ದಾಳೆ. ಇಲ್ಲಿ ನಾನು ಸೊಂಟ ಹಿಡಿದುಕೊಂಡು ಮನೆಮಂದಿಗೆಲ್ಲ ರೊಟ್ಟಿ ತಟ್ಟುತ್ತಿದ್ದೇನೆ. ಬರೀ ನೀರು ಕುಡಿಯುವವಳನ್ನು ನೋಡಲು ಯಾರು ಬರುತ್ತಾರೆ? ಪಕ್ಕದ ಮನೆಯಾಕೆ ಬಾಳೆದಿಂಡಿನ ರಸ ಕುಡಿಯಿರಿ ಎಂದು ಕಾಂಪೌಂಡಿನ ಆಚೆಯಿಂದಲೇ ಹೇಳಿ ಒಳಗೆ ಹೋದರು.

ಫೋನ್ ಮಾಡಿ ಕೇಳಿಯೇಬಿಟ್ಟೆ, ನಿನಗೆ ಹುಟ್ಟಿದ್ದು ಅವನೊಬ್ಬನೇ ಏನವ್ವ ಅಂತ. ಅವ್ವ ತಣ್ಣಗೆ ಹೇಳಿದಳು:

“ನೀನು ಎಲ್ಡು ಹೆತ್ತಾಕಿ, ತಡ್ಕಂತೀಯ. ಅವನಿಗೆ ನೋವು ಅಂದ್ರೆ ಹೆಂಗಿರ್ತೈತೆ ಅಂತ್ಲೇ ಗೊತ್ತಿಲ್ಲ ಕಣೆ.”

ಅಲ್ಲ, ಇಷ್ಟು ವರ್ಷ ತಡೆದುಕೊಂಡಿದ್ದೇ ತಪ್ಪಾಯಿತೇ? ಸಿಟ್ಟಿನಲ್ಲೇ ಹೋಗಿ, ನನಗೂ ಲೇಸರ್ ಮಾಡಿ ಎಂದು ಡಾಕ್ಟರಿಗೆ ಗಂಟುಬಿದ್ದೆ. ಇಷ್ಟು ಸಣ್ಣದಕ್ಕೆ ಯಾಕ್ರೀ ಅದೆಲ್ಲ, ಇನ್ನೊಂದು ವಾರ ನೋಡೋಣ ಎಂದು ನಕ್ಕು ಕಳಿಸಿದರು.

ಅವತ್ತು ಸಂಜೆ ಮತ್ತೆ ನೋವು ಎದ್ದಿತು. ಈ ಸಲ ತಡೆದುಕೊಳ್ಳಲಿಲ್ಲ. ಅವ್ವನಿಗೆ ಫೋನ್ ಹಚ್ಚಿ ಗೊಳೋ ಎಂದು ಅತ್ತೆ. ಆಕೆ ಪಕ್ಕದಲ್ಲಿದ್ದ ತಮ್ಮನನ್ನು ಕೇಳಿದ್ದು ನನಗೂ ಕೇಳಿಸಿತು: “ಹೊನ್ನಾಳಿ ಬಸ್ಸು ಬೆಳಿಗ್ಗೆ ಎಷ್ಟೊತ್ತಿಗೈತೋ?”

ಮರುದಿನ ಬೆಳಿಗ್ಗೆ ಜರಡಿಯಲ್ಲಿ ಟಕ್ ಎಂದಿತು. ನೋಡಿದರೆ ಜೋಳದ ಕಾಳಿನಷ್ಟು ಕಲ್ಲು. ಇದಕ್ಕಾ ಇಷ್ಟೆಲ್ಲ ಅನ್ನಿಸಿತು. ನೋವೂ ಮಾಯವಾಗಿತ್ತು.

ಅಷ್ಟರಲ್ಲಿ ಅವ್ವನ ಫೋನು. ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಿದ್ದಾಳೆ, ನ್ಯಾಮತಿ ಬಸ್ಸಿಗೆ ಕಾಯುತ್ತಿದ್ದಾಳೆ. ನೋವು ಹೆಂಗೈತೆ ಎಂದು ಕೇಳಿದಳು.

ಕಲ್ಲನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡು ಹೇಳಿದೆ, “ಇನ್ನೂ ಐತೆ, ಬಾರವ್ವ.”