ಅವ್ವಗ ನಡಿಯೋದು ಕಲಿಸಾಕ ಹೋಗಿ

ಇವತ್ತು ಮುಂಜಾನೆ ಬ್ಯಾಗಿನ ಜಿಪ್ ತಗದ್ರ ಘಮ್ ಅಂತ ಬಟ್ಟಿ ಸೋಪಿನ ವಾಸನಿ ಬಂತು. ನನ್ನ ಹೊಸಾ ಕಾಲುಚೀಲ ಮೂಸಿ ನೋಡಿದೆ. ಹಿಮ್ಮಡ ಬರೋ ಜಾಗದಾಗ ಒಳಗಿಂದ ಒಣಾ ಸೋಪು ತಿಕ್ಕಿಟ್ಟಾರ. ಅವ್ವಂದs ಕೆಲಸ, ಕಾಲಿಗೆ ಗುಳ್ಳಿ ಏಳಬಾರದು ಅಂತ. ಈ ವಿದ್ಯಾ ಆಕಿಗೆ ಎಲ್ಲಿಂದ ಬಂತು ಅನ್ನೋದು ನನಗ ಹೋದ ಐತವಾರ ಗೊತ್ತಾತು ನೋಡ್ರಿ. ಇನ್ನೂ ತಲಿ ಠಿಕಾಣಿಗೆ ಬಂದಿಲ್ಲ.

ಮೊದಲ ನನ್ನ ಬಗ್ಗೆ ಹೇಳಿಬಿಡ್ತೀನಿ, ನಗಬ್ಯಾಡ್ರಿ. ನಾನು ಟ್ರೆಕ್ಕಿಂಗ್ ಕಲ್ತಿದ್ದು ಹೈದರಾಬಾದಿನ ಸನತ್‌ನಗರದ ನಮ್ಮ ಖೋಲ್ಯಾಗ, ಫೋನಿನ್ಯಾಗ ವಿಡಿಯೋ ನೋಡಿ. ಶಂಶಾಬಾದ್ ಆಕಡೆ ಬಂಡೆಗಲ್ಲಿನ ಗುಡ್ಡ ನಾಕು ಸಲ ಹತ್ತೀನಿ. ಒಮ್ಮೆ ನನಗ ಇಳಿಯಾಕ ಬರಲಿಲ್ಲ, ಕುರಿ ಕಾಯೋ ತಾತನ ಕೈ ಹಿಡಕೊಂಡು ಇಳದೀನಿ. ಅನುಭವ ಅಂದ್ರ ಅಷ್ಟ. ಆದ್ರ ಸಿಕ್ಕವರಿಗೆಲ್ಲಾ ಬೂಟಿನ ದಾರ ಹೆಂಗ ಕಟ್ಟಬೇಕು ಅಂತ ಭಾಷಣ ಬಿಗೀತೀನಿ.

ಹಿಂಗ ಫೋನಿನ್ಯಾಗ ನಡಿಯೋ ದಾರಿ ಹುಡಕ್ತಿರುವಾಗ ಒಂದು ಹಾಸ್ಟೆಲ್ ಸಿಕ್ತು, ಕುಮಟಾದ ಆಕಡೆ, ಸಮುದ್ರದ ದಂಡಿಗೆ. ಓದೋ ಹುಡುಗರದಲ್ಲ, ನಡಕೊಂಡ ಬಂದವರು ಒಂದು ರಾತ್ರಿ ಇಳಕೊಳ್ಳೋದು. ಗಾಡಿ ರಸ್ತಾನs ಇಲ್ಲ. ಗುಡ್ಡ ಹತ್ತಿ ಇಳದು ಏಳು ಕಿಲೋಮೀಟರ್ ನಡದ್ರ ಸಿಗ್ತೈತಿ. ಅವ್ವ ಇನ್ನೂತನಕ ಸಮುದ್ರ ನೋಡಿಲ್ಲ. ಟೀವಿಯೊಳಗ ಬಂದ್ರ ಒಗ್ಗರಣಿ ಹೊತ್ತಿದ್ರೂ ಖಬರಿಲ್ಲ, ನೋಡಕೋತ ನಿಂದರ್ತಾಳ. ಆಕಿಗೆ ತೋರಸಬೇಕು, ಅದೂ ನಾನು ಮುಂದ, ಅವ್ವ ಅಪ್ಪ ಹಿಂದ.

ಐತವಾರ ಇಬ್ಬರನ್ನೂ ಚಾಪಿ ಮ್ಯಾಲೆ ಕುಂದ್ರಿಸಿ ಮೀಟಿಂಗ್ ಶುರು ಮಾಡಿದೆ. ಅಪ್ಪ ಸೆಂಟ್ರಿಂಗ್ ಕೆಲಸದವ. ಅವ್ವ ಅದೇ ಬಿಲ್ಡಿಂಗಿಗೆ ಉಸುಕು ಹೊರತಾಳ. ಇಂಥವರಿಗೆ ನಾನು ಹೇಳಾಕತ್ತಿದ್ದೆ: "ಅವ್ವಾ, ಇವತ್ತಿಂದ ದಿನಾ ಅರ್ಧಾ ತಾಸು ನಡಿ. ಒಮ್ಮೆಲೇ ಏಳು ಕಿಲೋಮೀಟರ್ ಅಂದ್ರ ನಿನಗ ಆಗಂಗಿಲ್ಲ."

ಅವ್ವ ಪುಂಡಿಪಲ್ಯ ಸೋಸಾಕತ್ತಿದ್ಳು. "ಹೌದ್ರಿ ಮಾಸ್ತರ," ಅಂದ್ಳು. "ಬಲಗಾಲು ಮೊದಲೋ, ಎಡಗಾಲು ಮೊದಲೋ?"

ಅಪ್ಪಗ ಚಹಾ ನೆತ್ತಿಗೇರಿತು.

ಆಮ್ಯಾಲೆ ಆಕಿ ಕೈ ಒರಸಿಕೊಂಡು ನನ್ನ ಬ್ಯಾಗ್ ಎಳಕೊಂಡ್ಳು. ನಾನು ಎರಡು ತಾಸು ಜೋಡಿಸಿದ್ದನ್ನ ಪೂರಾ ಕೆಳಗ ಸುರುವಿದ್ಳು. "ನೀರು ತಳಕ್ಕ ಯಾಕ ಇಟ್ಟೀದಿ? ಭಾರ ಬೆನ್ನಿಗೆ ಹತ್ತಿರಬೇಕು. ನೀರಿಗೆ ಚಿಟಿಕಿ ಉಪ್ಪು ಹಾಕು. ನಡುವ ಕುಂತಾಗ ಬೂಟು ಪೂರಾ ತಗೀಬ್ಯಾಡ, ಪಾದ ಉಬ್ಬತಾವ, ಮತ್ತ ಒಳಗ ಹೋಗಂಗಿಲ್ಲ. ಹಿಮ್ಮಡಕ್ಕ ಒಣಾ ಸೋಪು ತಿಕ್ಕು."

ನಾನು ಬೆರಗಾಗಿ ಕೇಳಿದೆ, "ಯಾವ ಚಾನೆಲ್ ನೋಡ್ತೀಬೇ?"

ಅಪ್ಪ ಕಪ್ಪು ಕೆಳಗಿಟ್ಟ. "ಚಾನೆಲ್ ಅಲ್ಲಪಾ. ಲಾಕ್‌ಡೌನಿನ್ಯಾಗ ನಾವು ಊರಿಗೆ ನಡಕೊಂಡs ಬಂದಿದ್ವಿ."

ನಡಕೊಂಡ. ಹೈದರಾಬಾದಿಂದ ಚಿಂಚೋಳಿ ಆಕಡೆ ನಮ್ಮೂರಿಗೆ. ನನಗ ಇಷ್ಟು ವರ್ಷ ಗೊತ್ತಿದ್ದದ್ದು ಲಾರಿ ಕಥಿ. ಲಾರಿ ಸಿಕ್ತು, ಬಂದ್ವಿ ಅಂತ.

ಆಗ ನಾನು ಊರಾಗ ಅಜ್ಜಿ ಹಂತೇಕ ಒಂಬತ್ತನೇತ್ತ ಓದಾಕತ್ತಿದ್ದೆ. ಹೊರಗಿಂದ ಬಂದವರನ್ನ ಊರಾಚೆ ಶಾಲ್ಯಾಗ ಇಟ್ಟಿದ್ರು. ಕಿಟಕಿ ಸರಳಿನ ಆಕಡೆ ಅವ್ವ, ಈಕಡೆ ನಾನು. ಆಕಿ ಪಾದ ರೊಟ್ಟಿ ಉಬ್ಬಿದಂಗ ಉಬ್ಬಿದ್ವು. ಒಂದು ಚಪ್ಪಲಿಗೆ ಸುತಳಿ ಕಟ್ಟಿದ್ಳು. "ಲಾರ್ಯಾಗ ಒತ್ತಿಕೊಂಡ ಕುಂತಿದ್ವಿ, ಅದಕ್ಕ," ಅಂದ್ಳು. ನಾನು ಏನ್ ಕೇಳಿದೆ ಗೊತ್ತೇನ್ರಿ? ಪ್ರತಿ ಸಲ ಬರುವಾಗ ನನಗ ಉಸ್ಮಾನಿಯಾ ಬಿಸ್ಕಿಟ್ ತರ್ತಿದ್ಳು. "ಬಿಸ್ಕಿಟ್ ಎಲ್ಲಿ?" ಅಂದೆ. "ಲಾರ್ಯಾಗ ಮರತೆ ತಮ್ಮಾ." ನಾನು ಮಾರಿ ಉಬ್ಬಿಸಿಕೊಂಡು ಹೋದವ ಎರಡು ದಿನ ಶಾಲಿ ಕಡೆ ಹಾಯಲಿಲ್ಲ.

ಚಾಪಿ ಮ್ಯಾಲೆ ಕುಂತು ಇದೆಲ್ಲಾ ನೆನಪಾತು. ಆದ್ರೂ ಚಾಳಿ ಎಲ್ಲಿ ಹೋಗ್ತೈತಿ, "ಎಷ್ಟು ಕಿಲೋಮೀಟರ್ ಆತು?" ಅಂದೆ.

"ಯಾರು ಅಳದಾರ? ನಾಕು ದಿನ," ಅಂದ ಅವ್ವ ಪಲ್ಯದ ಬುಟ್ಟಿ ತಗೊಂಡು ಎದ್ದಳು. "ನೀವು ತಂದಿ ಮಗಾ ಹೋಗಿ ಬರ್ರಿ. ಗಂಟು ಹೊತ್ತು ನಡಿಯೋದು ನನಗ ಸಾಕಾಗೇತಿ."

ಬ್ಯಾರೆ ಕಡೆ ಹೋಗೂಣು, ಬಸ್ಸು ದಂಡಿತನಕ ಹೋಗೋ ಸಮುದ್ರನೂ ಐತಿ ಅಂದೆ. ಒಲ್ಲೆ ಅಂದ್ಳು. ಸಂಜೀಕ ಅಪ್ಪ ನನ್ನ ಬಾಗಲ ಹೊರಗ ಕರದು ಮೆಲ್ಲಕ ಹೇಳಿದ: "ಆಕಿ ನಡಿಯಾಕ ಅಂಜಾಕಿ ಅಲ್ಲ. ಆವಾಗ ದಾರ್ಯಾಗ ಊರು ಕಂಡ್ರ ಸಾಕು, ಓಡೋಡಿ ಹೋಗಾಕಿ. ಹತ್ತರ ಹೋದ್ರ ಮುಳ್ಳಿನ ಬೇಲಿ. ಹಿಂದಕ್ಕ ಹೋಗ್ರಿ ಅನ್ನೋರು. ಒಂದಲ್ಲ, ಮೂರು ಊರಾಗ. ಸಮುದ್ರದ ಆಸೆ ಐತಿ ಆಕಿಗೆ. ಅಷ್ಟು ದೂರ ಹೋಗಿ ಮುಟ್ಟಿದ ಮ್ಯಾಲೆ ಅಲ್ಲೂ ಹಿಂದಕ್ಕ ಹೋಗ್ರಿ ಅಂದ್ರ ಅನ್ನೋ ಅಂಜಿಕಿ ಐತಿ."

ಹಗ್ಗ, ಸೀಟಿ, ಬ್ಯಾಟರಿ, ಮಳಿ ಕೋಟು, ಎಲ್ಲಾ ಪಟ್ಟಿ ಮಾಡಿದ್ದೆ. ಇದು ನನ್ನ ಯಾವ ವಿಡಿಯೋದಾಗೂ ಇರಲಿಲ್ಲ.

ಅದಕ್ಕ ಇವತ್ತು ಹಾಸ್ಟೆಲಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಅವ್ವನ ಮುಂದ ಇಟ್ಟೆ. ಹಾಸ್ಟೆಲ್ ನಡಸೋ ಅಮ್ಮ "ಹೇಳಿ" ಅಂದ್ರು. ಅವ್ವ ಫೋನಿಗೂ ಸೆರಗು ಸರಿ ಮಾಡಿಕೊಂಡ್ಳು.

"ನಾವು ಹೈದರಾಬಾದಿನವರ್ರೀ. ನಡಕೊಂಡ ಬರೋರು. ಹೊತ್ತಾದ್ರ ಬಾಗಲಾ ಹಾಕ್ತೀರೇನು?"

"ಬಾಗ್ಲು ಗೆದ್ದಲು ತಿಂದು ಎರಡು ಮಳೆಗಾಲ ಆಯ್ತು ಅಮ್ಮ. ಈಗ ಒಂದು ಪರದೆ ಉಂಟು ಅಷ್ಟೇ. ನಾಯಿನೂ ಕೇಳದೇ ಒಳಗೆ ಬರ್ತದೆ."

ಅವ್ವ ನಗಲಿಲ್ಲ. "ಬಂದವರನ್ನ ಹಿಂದಕ್ಕ ಕಳಸಂಗಿಲ್ಲಲ್ಲ?"

ಆಕಡೆ ಪುಸ್ತಕ ತಗದ ಸಪ್ಪಳ ಬಂತು. "ಎಲ್ಲಿಗೆ ಕಳಿಸೋದು ಅಮ್ಮ? ಹಿಂದೆ ಗುಡ್ಡ, ಮುಂದೆ ಸಮುದ್ರ. ಹೆಸರು ಹೇಳಿ, ಬರ್ಕೊಳ್ತೇನೆ. ಗಂಜಿಗೆ ಅಕ್ಕಿ ಎಷ್ಟು ಹಾಕ್ಬೇಕು ಅಂತ ಗೊತ್ತಾಗ್ಲಿ."

ಅವ್ವ ತನ್ನ ಹೆಸರು, ಅಪ್ಪನ ಹೆಸರು ಬಿಡಿಸಿ ಹೇಳಿ, "ಮತ್ತ ನನ್ನ ಮಗಾ," ಅಂದ್ಳು. ಆಮ್ಯಾಲೆ, "ಓದ್ರಿ ಒಮ್ಮೆ," ಅಂದ್ಳು.

"ಶರಣಮ್ಮ. ಮಲ್ಲಪ್ಪ. ಮತ್ತೆ ನಿಮ್ಮ ಮಗ."

ಅವ್ವ ಒಂದೊಂದಕ್ಕೂ ಹೂಂ ಅಂದ್ಳು. ಫೋನ್ ಇಟ್ಟು ಎದ್ದು ಹೋದ್ಳು. ಕಾಚಿಗೂಡ ಸ್ಟೇಷನ್ನಿಂದ ಮೂರು ರೈಲು ಟಿಕೆಟ್ ತಗೀಬೇಕಂತ ನಾನು ಫೋನ್ ಹಿಡದೆ, ಅಕ್ಷರ ಕಾಣಲಿಲ್ಲ. ಅಪ್ಪನ ಕೈಗೆ ಕೊಟ್ಟೆ.

ಅವ್ವ ಆಗಲೇ ಅಡಗಿ ಮೂಲ್ಯಾಗ ಡಬ್ಬಿ ಹುಡುಕಾಕತ್ತಿದ್ಳು. "ಉಪ್ಪಿನಕಾಯಿ ಒಯ್ಯೂಣು," ಅಂದ್ಳು. "ನಮಗಂತ ಅಕ್ಕಿ ಇಡೋರ ಮನಿಗೆ ಬರೀ ಕೈಲೆ ಹೋಗಬಾರದು."