ತಿರುವಿ ಹಾಕಿದ ಫೋಟೊ

ಬ್ರಹ್ಮಪುರ ಓಣಿಯ ಸೌಂದರ್ಯಾ ಮನೆಯಲ್ಲೇ ಹಳೆಯ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿ ಫೋಟೊ ಪ್ರಿಂಟ್ ತೆಗೆದುಕೊಡುತ್ತಾಳೆ. ಕಲಬುರಗಿಯ ಬಿಸಿಲಿಗೆ ಪ್ರಿಂಟರಿನ ಶಾಯಿ ಒಣಗಿ ಕೂರುತ್ತದೆಂದು, ಗಿರಾಕಿ ಬರಲಿ ಬಾರದಿರಲಿ, ಸೋಮವಾರಕ್ಕೊಂದು ಬಣ್ಣದ ಫೋಟೊ ಹಾಕಿಯೇ ತೀರುತ್ತಾಳೆ.

ಈ ಸೋಮವಾರದ ಸರದಿ ಕಮಲಾಪುರದ ಮುಕ್ತಾಬಾಯಿ ಕೊಟ್ಟುಹೋದ ನೆಗೆಟಿವಿನದು. ಮನೆಯ ಮುಂದೆ, ಬಾವಿಯ ಪಕ್ಕ, ಬರೀ ಧೋತರ ಉಟ್ಟು ನಿಂತ ಅವರ ಗಂಡ, ಮೂವರು ಮೈದುನರು. ನಾಲ್ವರ ಜನಿವಾರವೂ ಬಲ ಹೆಗಲ ಮೇಲೆ. ಫಿಲ್ಮಿನ ಅಂಚಿನ ಅಂಕಿಗಳೇನೋ ನೆಟ್ಟಗೇ ಇದ್ದವು, ಅಂದರೆ ಫಿಲ್ಮು ಮಗುಚಿ ಬಿದ್ದಿರಲಿಲ್ಲ. ಆದರೆ ಓಣಿಯ ಆಚಾರ್ಯರ ಮನೆಗಳಲ್ಲಿ ಜನಿವಾರವನ್ನು ಎಡ ಹೆಗಲ ಮೇಲೆಯೇ ಕಂಡು ಬೆಳೆದ ಸೌಂದರ್ಯಾ ಅಂಕಿಗಳನ್ನು ನಂಬಲಿಲ್ಲ. ಚಿತ್ರವನ್ನೇ ಎಡಬಲ ತಿರುವಿ ಪ್ರಿಂಟ್ ತೆಗೆದಳು.

ಮುಕ್ತಾಬಾಯಿ ಬಂದು ಫೋಟೊ ನೋಡಿದರು. “ನಮ್ಮ ಬಾವಿ ಈ ಕಡೆ ಹೆಂಗ ಬಂತವಾ?”

ಸೌಂದರ್ಯಾ ಜನಿವಾರದ ವಿಷಯ ಹೇಳಿದಳು.

“ಅವತ್ತು ನಮ್ಮ ಅತ್ತಿಯವರ ಶ್ರಾದ್ಧ ಇತ್ತು. ಶ್ರಾದ್ಧದಾಗ ಬಲಕ್ಕ ಹಾಕ್ಕೋತಾರ.”

“ಶ್ರಾದ್ಧದ ದಿನ ಯಾರರೆ ಫೋಟೊ ತೆಗಸ್ತಾರೇನ್ರೀ?”

“ಮತ್ಯಾವಾಗ ತೆಗಸೋದು? ಅಣ್ಣತಮ್ಮರು ನಾಕೂ ಮಂದಿ ಒಂದ ಕಡೆ ಸಿಗ್ತಿದ್ದದ್ದು ಆ ದಿನ ಒಂದ.”

ಸೌಂದರ್ಯಾ ಚಿತ್ರವನ್ನು ಮತ್ತೆ ಮೊದಲಿನಂತೆ ಮಾಡಿ ಇನ್ನೊಂದು ಪ್ರತಿ ತೆಗೆದಳು. ತಪ್ಪಾದದ್ದನ್ನು ಹರಿಯಹೋದಾಗ ಮುಕ್ತಾಬಾಯಿ ಅವಳ ಕೈ ಹಿಡಿದರು.

“ಅದನ್ನೂ ಕೊಡವಾ. ಅದರಾಗ ಶ್ರಾದ್ಧ ಇಲ್ಲ. ನಾಕೂ ಮಂದಿ ಸುಮ್ಮನ ಒಂದ ಕಡೆ ಕೂಡ್ಯಾರ.”