ನರಸಿಂಹರಾಜು ತೆಗೆಯಲಾಗದ ಒಂದು ಸಾಲು

ನರಸಿಂಹರಾಜುವಿನ ಶ್ರದ್ಧಾಂಜಲಿ ಸಭೆಯಲ್ಲಿ, ಅವನ ಫೋಟೊ ಪಕ್ಕ ಒಂದು ಫ್ಲೆಕ್ಸ್ ಕಟ್ಟಿದ್ದರು. ನಮ್ಮೂರ ದೊಡ್ಡಕೆರೆಯ ಮೇಲೆ ಅವನು ಬರೆದ ಲೇಖನ ಅದರಲ್ಲಿ ಪೂರ್ತಿ ಅಚ್ಚಾಗಿತ್ತು. ಯಾವ ಸಾಲನ್ನು ತೆಗೆಸಲು ಅವನು ಎರಡು ವರ್ಷ ಒದ್ದಾಡಿದ್ದನೋ ಆ ಸಾಲೂ ಇತ್ತು. ಕೈಗೆ ಕೊಟ್ಟ ಕಾಫಿಯನ್ನು ಅಲ್ಲೇ ಇಟ್ಟು ಎದ್ದು ಬಂದೆ.

ನಾವಿಬ್ಬರೂ ಪುರವರ ಹೋಬಳಿಯ ಒಂದೇ ಊರಿನವರು. ನಾನು ಮೇಷ್ಟ್ರಾದೆ, ಅವನು ಮಧುಗಿರಿಯಲ್ಲಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಗುಮಾಸ್ತನಾದ. ನಿವೃತ್ತನಾದ ಮೇಲೆ ಆನ್‌ಲೈನ್ ವಿಶ್ವಕೋಶದ ಹುಚ್ಚು ಹಿಡಿಯಿತು. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಆದರೆ ಪ್ರತಿ ಮಾತಿಗೂ ಅಚ್ಚಾದ ಒಂದು ಆಧಾರ ತೋರಿಸಬೇಕು. ಅವನು ಬರೆದದ್ದಕ್ಕಿಂತ ಪರಿಶೀಲಿಸಿದ್ದೇ ಹೆಚ್ಚು. ಕೊರಟಗೆರೆಯ ಬೆಟ್ಟದಿಂದ ಪಾವಗಡದ ಕೋಟೆಯವರೆಗೆ ಒಂದೊಂದು ಲೇಖನವನ್ನೂ ಹಳೇ ಪಹಣಿ ನೋಡುವ ಹಾಗೆ ನೋಡುತ್ತಿದ್ದ. ವೈ.ಎನ್.ಹೊಸಕೋಟೆಯ ಬೇಸಾಯದ ಬಗ್ಗೆ ಯಾರೋ ಕಂಪ್ಯೂಟರಿನಲ್ಲಿ ಅನುವಾದಿಸಿ ತುರುಕಿದ್ದನ್ನು ಓದಿ ಫೋನ್ ಮಾಡಿದ್ದ: "ಇದನ್ನ ನಂಬಿದ್ರೆ ಕಡ್ಲೆಕಾಯಿ ಮರದಲ್ಲಿ ಬುಡ್ತದೆ ಕಣ್ಲಾ."

ದೊಡ್ಡಕೆರೆಯ ಲೇಖನ ಅವನು ಮೊದಮೊದಲು ಬರೆದದ್ದು, ಈ ಶಿಸ್ತು ಬರುವುದಕ್ಕೆ ಮುಂಚೆ. ಅರವತ್ತು ವರ್ಷದ ಹಿಂದೆ ಆ ಕೆರೆಯ ಏರಿ ಒಡೆದು ಕೆಳಗಿನ ಕೇರಿ ಕೊಚ್ಚಿಹೋಗಿತ್ತು. "ನೀರಗಂಟಿ ತಿಪ್ಪಯ್ಯ ಕುಡಿದು ಮಲಗಿದ್ದರಿಂದ ತೂಬು ತೆರೆಯಲಾಗಲಿಲ್ಲ" ಎಂದು ಬರೆದ. ನೀರಗಂಟಿಯೆಂದರೆ ಕೆರೆಯ ನೀರು ಬಿಡುವವನು, ಕಟ್ಟುವವನು. ಈ ಮಾತಿಗೆ ನರಸಿಂಹರಾಜು ಆಧಾರವನ್ನೇ ಕೊಟ್ಟಿರಲಿಲ್ಲ. ಚಿಕ್ಕಂದಿನಿಂದ ಮನೆಯಲ್ಲಿ ಕೇಳಿದ್ದ, ಅಷ್ಟೆ. ಅವನದು ಊರ ಗೌಡರ ಮನೆ.

ಆಮೇಲೆ ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ ಬಂತು. ಸಂಪಾದಕರಾಗಿದ್ದ ಕಾಲೇಜು ಉಪನ್ಯಾಸಕ ಪ್ರಭುದೇವ್ ಆ ಲೇಖನವನ್ನು ಇದ್ದಹಾಗೇ ನಕಲು ಹೊಡೆದರು. ಪ್ರೂಫ್ ನೋಡಿದವನು ನಾನು. ತಪ್ಪಿದ ಅಕ್ಷರ ತಿದ್ದಿದೆ, ಸುಳ್ಳನ್ನು ಹಾಗೇ ಬಿಟ್ಟೆ. ಮರುವರ್ಷ ಪ್ರಭುದೇವ್ ವಿಶ್ವಕೋಶಕ್ಕೆ ಹೋಗಿ, ಆ ಸಾಲಿನ ಮುಂದೆ ಅದೇ ಸಂಚಿಕೆಯನ್ನು ಆಧಾರವೆಂದು ಸೇರಿಸಿದರು. ನರಸಿಂಹರಾಜು ಪರಿಶೀಲಿಸಿ ಲೇಖನಕ್ಕೆ 'ಉತ್ತಮ' ಎಂಬ ದರ್ಜೆ ಕೊಟ್ಟ. ತನ್ನ ಮಾತೇ ಸುತ್ತಿ ಬಂದು ತನಗೆ ಸಾಕ್ಷಿ ಹೇಳುತ್ತಿದೆಯೆಂದು ಅವನಿಗೆ ಹೊಳೆಯಲಿಲ್ಲ.

ಎರಡು ವರ್ಷದ ಹಿಂದೆ ತಿಪ್ಪಯ್ಯನ ಸೊಸೆ ಕೆಂಚಮ್ಮ ಅವನ ಮನೆಗೆ ಬಂದರು. ಎಂಬತ್ತರ ಹತ್ತಿರದ ಮುದುಕಿ. ಮೊಮ್ಮಗಳು ಯಶಸ್ವಿನಿ ಶಾಲೆಯ ಪ್ರಾಜೆಕ್ಟಿಗೆಂದು ಆ ಲೇಖನವನ್ನು ಮೊಬೈಲಿನಲ್ಲಿ ಗಟ್ಟಿಯಾಗಿ ಓದಿದ್ದಳಂತೆ. ನಾನೂ ಅಲ್ಲೇ ಇದ್ದೆ. ಕೂರಿ ಅಂದರೆ ಕೂರಲಿಲ್ಲ.

"ನಮ್ ಮಾವ ಕುಡುಕನಾ ಸ್ವಾಮಿ?"

"ಎಲ್ರೂ ಅಂಗೇ ಅಂತಿದ್ರಲ್ಲ ಕೆಂಚಮ್ಮ."

"ಎಲ್ರೂ ಅಂದ್ರೆ ಯಾರು? ನಿಮ್ಮನೆಯೋರು. ಕೆರೆ ತುಂಬಿದ್ರೆ ಗೌಡ್ರು ಬಾಗಿನ ಬುಡೋಗಂಟ ನೀರಗಂಟಿ ತೂಬು ಮುಟ್ಟಂಗಿಲ್ಲ, ಗೊತ್ತಲ್ಲ ನಿಮ್ಗೆ? ನಿಮ್ ತಾತ ಹೆಣ್ಣು ನೋಡಾಕೆ ಸಿರಾಕ್ಕೆ ಹೋಗಿದ್ರು. ಏರಿ ಬೆವರ್ತಾ ಐತೆ, ಕೇಳ್ಕೊಂಡ್ ಬಾ ಅಂತ ಮಾವ ನನ್ನ ಓಡಿಸ್ದ. ಗೌಡ್ರು ಬರ್ಲಿ, ಅಲ್ಲೀಗಂಟ ಕೈ ಹಾಕಿದ್ರೆ ಕೈ ಕಡಿತೀವಿ ಅಂದ್ರು ನಿಮ್ಮನೆ ಬಾಗ್ಲಲ್ಲಿ. ಮಾವ ತೂಬಿನ್ ತಾವೇ ನಿಂತಿದ್ದ ಸ್ವಾಮಿ. ಏರಿ ಒಡೆಯೋಗಂಟ ನಿಂತಿದ್ದ."

ಕೆಂಚಮ್ಮ ಹೋದ ಕೂಡಲೇ ನರಸಿಂಹರಾಜು ಸಾಲು ಅಳಿಸಿದ. ಒಂದು ಗಂಟೆಯೊಳಗೆ ಪ್ರಭುದೇವ್ ಅದನ್ನು ವಾಪಸು ಹಾಕಿದರು. ಇವನು ಫೋನ್ ಮಾಡಿ, ಕೆಂಚಮ್ಮ ಹೇಳಿದ್ದನ್ನೆಲ್ಲ ಹೇಳಿದರೆ ಅತ್ತಕಡೆಯಿಂದ ನಗು. "ಸಾರ್, ರೂಲ್ ಕಲಿಸಿದೋರೇ ನೀವು. ಸಂಚಿಕೆ ಅಚ್ಚಾಗಿದೆ. ಅಜ್ಜಿ ಅಚ್ಚಾಗಿದಾರಾ?"

ಆಮೇಲೆ ಹನ್ನೊಂದು ಸಲ ಅಳಿಸಿದ, ಹನ್ನೊಂದು ಸಲವೂ ಸಾಲು ವಾಪಸು ಬಂತು. ರೆಕಾರ್ಡ್ ರೂಮಿಗೆ ಹೋಗಿ ಹಳೇ ಕಡತಗಳ ಧೂಳು ಕುಡಿದ. ಏರಿ ಒಡೆದ ವರದಿಯಿತ್ತು, ತಿಪ್ಪಯ್ಯನ ಹೆಸರಿರಲಿಲ್ಲ. ಕೊನೆಗೆ ತನ್ನ ಲೇಖನದ ಮೇಲೆ ತಾನೇ ವಿಮರ್ಶೆ ಬರೆದು ದರ್ಜೆ ಕಿತ್ತುಹಾಕಿದ: "ಲೇಖಕ ತನ್ನ ಮನೆಯ ತಪ್ಪನ್ನು ಬಡವನ ತಲೆಗೆ ಕಟ್ಟಿದ್ದಾನೆ. ಪರಿಶೀಲಕನೂ ಅವನೇ. ಇಬ್ಬರನ್ನೂ ನಂಬಬೇಡಿ." ಅದನ್ನೂ ವೈಯಕ್ತಿಕ ಅಭಿಪ್ರಾಯವೆಂದು ತೆಗೆದುಹಾಕಿದರು. ಮೂರು ವಾರದ ನಂತರ, ಬಸ್ ನಿಲ್ದಾಣದಲ್ಲಿ ಪೇಪರ್ ಓದುತ್ತಾ ಕೂತವನು ಏಳಲಿಲ್ಲ.

ಸಭೆಯಲ್ಲಿ ಪ್ರಭುದೇವ್ ಅವನನ್ನು 'ಸತ್ಯನಿಷ್ಠ' ಎಂದು ಕರೆದು ಗದ್ಗದಿತರಾದರು. ಕೆಂಚಮ್ಮ ಕೊನೆಯ ಸಾಲಿನಲ್ಲಿ ಕೂತಿದ್ದರು. ಫ್ಲೆಕ್ಸಿನಲ್ಲಿ ಏನಿದೆಯೆಂದು ಯಶಸ್ವಿನಿಯನ್ನು ಕೇಳುತ್ತಿದ್ದರು, ಅವಳು ಏನೂ ಇಲ್ಲ ಅನ್ನುತ್ತಿದ್ದಳು.

ಈಗ ಅವನ ನೆನಪಿನ ಪುಸ್ತಕ ಬರುತ್ತದಂತೆ. ಎರಡು ಪುಟ ಬರೆದುಕೊಡಿ ಎಂದು ಪ್ರಭುದೇವ್ ನನ್ನನ್ನೂ ಕೇಳಿದರು. ಸ್ನೇಹಿತ ಸತ್ತ ದುಃಖವನ್ನೂ ಆಧಾರ ಮಾಡಿ ಅಚ್ಚಿಗೆ ಕೊಡಬೇಕಾಗಿ ಬಂದಿರುವುದು ನನಗೆ ಅಸಹ್ಯ. ಕಣ್ಣಾರೆ ಕಂಡವರ ಮಾತು ನಡೆಯದೆ, ಕಾಣದ ನನ್ನ ಮಾತು ನಡೆಯುವುದು ಇನ್ನೂ ಅಸಹ್ಯ. ಆದರೂ ಬರೆದೆ. ನಿನ್ನೆ ಕೆಂಚಮ್ಮನ ಮನೆಗೆ ಹೋಗಿ ಓದಿ ಹೇಳಿದೆ. ಪೂರ್ತಿ ಕೇಳಿ, "ಓಡಿದ್ದು ನಾನು ಅಂತ ಸರ್ಯಾಗಿ ಹಾಕಿ ಸ್ವಾಮಿ" ಅಂದರು.

ಪ್ರಭುದೇವ್ ಅವರೇ, ಇದರಲ್ಲಿ ಒಂದು ಸಾಲು ಕತ್ತರಿಸಿದರೂ ನನ್ನ ದುಡ್ಡಿನಲ್ಲಿ ನಾನೇ ಅಚ್ಚು ಹಾಕಿಸುತ್ತೇನೆ. ತಿಪ್ಪಯ್ಯ ಅಂದು ಕುಡಿದಿರಲಿಲ್ಲ. ಏರಿ ಒಡೆಯುವವರೆಗೂ ತೂಬಿನ ಬಳಿ ನಿಂತಿದ್ದ. ಗೌಡರ ಮನೆಗೆ ಓಡಿದ್ದು ಅವನ ಸೊಸೆ ಕೆಂಚಮ್ಮ.